ನಟ್ಟಿನ ಮೇಲಿನ ನೀಲಿ ಗೆರೆ

ಕುಸಾಕಾ ಎರಡೂ ಕೈಯಲ್ಲಿ ಲಕೋಟೆ ಹಿಡಿದು ತೊಮಿ ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತಾಗ, ಅದು ರಾಜೀನಾಮೆ ಪತ್ರವೆಂದು ಆಫೀಸಿನ ಸಾವಾಕೊಗೆ ಓದದೆಯೇ ತಿಳಿಯಿತು. ಜಪಾನಿನ ಅಕಿತಾದ ಆ ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಮನುಷ್ಯ!

"ತೊಮಿ ಅಜ್ಜಿ, ನಮ್ಮೂರ ಸೂಲಗಿತ್ತಿ ಅಮ್ಮನ ಕಾರು ಹಿಮದ ಗುಡ್ಡೆಗೆ ನುಗ್ಗಿದ್ದು ನನ್ನಿಂದ್ಲೇ. ಹಿಂದಿನ ಚಕ್ರನ ಚಾಸಿಗೆ ಹಿಡಿದಿಡೋ ತೋಳಿನ ಬೋಲ್ಟು ಕೊನೇ ಸಲ ಬಿಗಿದೋನು ನಾನು."

ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಮುಗಿಸಿ ಹೋದ ವಾರವಷ್ಟೇ ಕಳಿಸಿದ್ದ ಕಾರು. ಪುಣ್ಯಕ್ಕೆ ಆಕೆಗೆ ಏನೂ ಆಗಿರಲಿಲ್ಲ. ಬೋಲ್ಟನ್ನು ಹಿಡಿದಿಡಲು ಚಾಸಿಯ ಪೊಳ್ಳಿನೊಳಗೆ ಬೆಸೆದಿದ್ದ ನಟ್ಟು ಮಾತ್ರ ಕಿತ್ತುಬಂದು ಒಳಗೇ ಗಲಗಲ ಎನ್ನುತ್ತಿತ್ತು.

"ಏರ್ ಗನ್ನಲ್ಲಿ ದಡಬಡ ಬಿಗಿದ್ರೆ ಇನ್ನೇನಾಗತ್ತೆ?" ಎಂದ ಮೇಸ್ತ್ರಿ ಹಿರಾನುಮಾ.

"ನಟ್ಟು ನೋಡೋ ಮುಂಚೆನೇ ತೀರ್ಪಾ? ಭಾರೀ ಜಡ್ಜು ಕಣಪ್ಪ ನೀನು!" ಎಂದಳು ತೊಮಿ ಅಜ್ಜಿ.

ಅಜ್ಜಿ ಗ್ಯಾರೇಜಿನ ಯಜಮಾನಿ. ಅಲ್ಲಿದ್ದ ಒಬ್ಬಳೇ ವೆಲ್ಡರ್ ಕೂಡ. ಬೀದಿಯಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಳಿ ಬರುತ್ತಿದ್ದರು. ಅವಳು ಲಕೋಟೆಯನ್ನು ಒಡೆಯದೆ ಏಪ್ರನ್ನಿನ ಜೇಬಿಗೆ ತುರುಕಿ ಕಾರಿನಡಿ ನುಸುಳಿದಳು. ನಟ್ಟಿದ್ದ ಜಾಗದ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಕಿಂಡಿಯೊಂದಿತ್ತು. ವೆಲ್ಡಿಂಗಿಗೆ ಅದು ಸಾಲದು. ಅಜ್ಜಿ ಅಲ್ಲಿಯ ಚಾಸಿ ತಗಡನ್ನು ಮೂರು ಬದಿ ಕತ್ತರಿಸಿ ಡಬ್ಬಿಯ ಮುಚ್ಚಳದಂತೆ ಮಡಚಿ, ಅಯಸ್ಕಾಂತದಿಂದ ನಟ್ಟನ್ನು ಹೊರಗೆಳೆದು ಸಾವಾಕೊಳ ಅಂಗೈಗೆ ಹಾಕಿದಳು.

"ಏನು ಕಾಣ್ತದೆ, ಹೇಳು ಮಗಳೇ."

ಬೆಸುಗೆ ಮುರಿದ ಕಡೆ ಒಣಗಿದ ಅಂಟು. ಅಂಟು ಎದ್ದಲ್ಲಿ ಕಂದು ತುಕ್ಕು. ಇನ್ನೊಂದು ಮುಖದಲ್ಲಿ ಅರ್ಧ ನೀಲಿ ಗೆರೆ.

ಬೋಲ್ಟು ಬಿಗಿದ ಮೇಲೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು ಅಲ್ಲಿಯ ಪದ್ಧತಿ. ಗೆರೆ ತಪ್ಪಿದರೆ ಬೋಲ್ಟು ಸಡಿಲವಾಯಿತೆಂದು ಲೆಕ್ಕ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ: ಕುಸಾಕಾನದು ಮೊದಲಿನಿಂದಲೂ ಬಿಳಿ, ಮೇಸ್ತ್ರಿಯದು ಹಳದಿ.

"ಪೆನ್ನಿನ ಡಬ್ಬಿಯಲ್ಲಿ ನೀಲಿ ಯಾಕಿಲ್ಲ?" ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

"ತರಿಸೋದು ಬಿಟ್ಟು ಹತ್ತಿರ ಹತ್ತಿರ ಎರಡು ವರ್ಷ ಆಯ್ತು," ಎಂದವಳೇ ಸಾವಾಕೊ ನಾಲಿಗೆ ಕಚ್ಚಿಕೊಂಡಳು. ಯಾಕೆ ಬಿಟ್ಟಳೆಂಬುದು ಆಗ ನೆನಪಾಗಿತ್ತು.

"ಚಹಾ ಮಾಡು. ಇಬ್ಬರನ್ನೂ ಸ್ಟೌ ಹತ್ರ ಕರಿ."

ಎಲ್ಲರೂ ಕೂತರು. ಅಜ್ಜಿ ನಟ್ಟನ್ನು ತಟ್ಟೆಯಲ್ಲಿಟ್ಟಳು.

"ಹೋದ ವಾರ ಕುಸಾಕಾ ತಿರುಚಿ ಮುರಿದಿದ್ರೆ ಮುರಿದ ಜಾಗ ಫಳಫಳ ಅನ್ನಬೇಕಿತ್ತು. ಇಲ್ಲಿ ಅಂಟಿನ ಅಡೀಲೇ ತುಕ್ಕಿದೆ. ಅಂದ್ರೆ ಹಿಮ ಕರಗಿಸೋಕೆ ರಸ್ತೆಗೆ ಹಾಕೋ ಉಪ್ಪು ತಿಂದು ಮುರಿದಿದ್ದು ಮೊದಲು, ಅಂಟು ಆಮೇಲೆ."

"ಆ ಅಂಟೂ ಇವನದೇ ಇರಬಹುದಲ್ಲ?" ಎಂದ ಹಿರಾನುಮಾ. ಧ್ವನಿ ಮಾತ್ರ ಅಡಗಿತ್ತು.

"ಇರಬಹುದು. ಆದ್ರೆ ಅಂಟು ಹಾಕಿದೋನು ಬೋಲ್ಟು ಬಿಗಿದು, ಆ ಕಿಂಡಿಯಿಂದ ಪೆನ್ನು ತೂರಿಸಿ ಬೋಲ್ಟಿನ ತುದಿಗೂ ನಟ್ಟಿಗೂ ಸೇರಿಸಿ ಗೆರೆ ಎಳೆದಿದಾನೆ. ಯಾರೂ ನೋಡದ ಜಾಗದಲ್ಲಿ! ಕೈಗೆ ಅಂಟಿದ ಅಭ್ಯಾಸ, ಪಾಪ. ಸಾವಾಕೊ, ನೀಲಿ ಪೆನ್ನು ಯಾರದಿತ್ತು?"

ಸಾವಾಕೊ ಚಹಾದ ಬಟ್ಟಲನ್ನೇ ನೋಡುತ್ತ ಹೇಳಿದಳು: "ಹಿರಾನುಮಾ ಅವರದು. ಮೇಸ್ತ್ರಿ ಆದ್ಮೇಲೆ ಅವರಿಗೆ ಹಳದಿ ಬಂತು."

"ಈ ಕಾರು ಹಿಂದಿನ ಸಲ ತಪಾಸಣೆಗೆ ಬಂದಿದ್ದು ಅದಕ್ಕೂ ಸ್ವಲ್ಪ ಮುಂಚೆ," ಎಂದಳು ಅಜ್ಜಿ.

ಹಿರಾನುಮಾ ಬಟ್ಟಲು ಕೆಳಗಿಟ್ಟ. "ನೀವು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೇಲಿದ್ರಿ, ಅಜ್ಜಿ. ನಂಗೆ ಚಾಸಿ ವೆಲ್ಡಿಂಗ್ ಬರಲ್ಲ ಅನ್ನೋಕೆ ನಾಚಿಕೆ ಆಯ್ತು, ಅಂಟು ಹಾಕಿ ಕೂರಿಸಿದೆ. ನೀವು ಬಂದ್ಮೇಲೆ ಹೇಳೋಣ ಅಂತಿದ್ದೆ. ಬಂದೋರೇ ನನ್ನ ಮೇಸ್ತ್ರಿ ಮಾಡಿದ್ರಿ. ಬಾಯಿ ಬರಲಿಲ್ಲ." ಅವನು ಕುಸಾಕಾನ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿದ. "ನನ್ನ ತಪ್ಪನ್ನ ನಿನ್ನ ತಲೆಗೆ ಕಟ್ಟಿದೆ. ಕ್ಷಮಿಸು."

ಅಜ್ಜಿ ಲಕೋಟೆಯನ್ನು ಸ್ಟೌವಿನ ಬೆಂಕಿಗೆ ಹಾಕಿ, ವೆಲ್ಡಿಂಗ್ ಮುಖವಾಡವನ್ನು ಹಿರಾನುಮಾನ ಕಡೆ ಚಾಚಿದಳು.

"ಏಳು. ಪಕ್ಕದಲ್ಲಿ ನಾನಿರ್ತೀನಿ. ನಿಧಾನಕ್ಕೆ ಕೂಡಿಸು."

ಸಂಜೆಯೊಳಗೆ ಹೊಸ ನಟ್ಟು ಕೂತಿತು. ಅಜ್ಜಿ ಎರಡು ಸಲ ಬೆಸುಗೆ ಬಿಚ್ಚಿಸಿ, ಮೂರನೆಯದಕ್ಕೆ ಹೂಂಗುಟ್ಟಿದಳು. ಮುಚ್ಚಳ ಬೆಸೆದು ಬಣ್ಣ ಬಳಿದಾದ ಮೇಲೆ ಕುಸಾಕಾ ಬೋಲ್ಟು ಬಿಗಿದು ಬಿಳಿ ಗೆರೆ ಎಳೆದ. ಪರೀಕ್ಷಿಸಿ ಹಳದಿ ಎಳೆಯಬೇಕಾದ ಹಿರಾನುಮಾ ತನ್ನ ಪೆನ್ನನ್ನು ಅವನ ಕೈಯಲ್ಲಿಟ್ಟು ಆಫೀಸಿಗೆ ಬಂದ.

"ಸಾವಾಕೊ," ಎಂದ, "ನಂಗೊಂದು ನೀಲಿ ತರಿಸು."