ಏಳನೇ ವಾರ್ಡಿನ ವಾಲ್ವ್

ತಲೆಯ ಮೇಲೆ ಚಪ್ಪಡಿ ಬಿತ್ತು.

ಧಡ್!

ಬೆಳಕು ಹೋಯಿತು.

ಆರು ಅಡಿ ಆಳದ ಗುಂಡಿ. ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಒಳಗೆ ನಾನು, ಎರಡು ಪೈಪು, ಒಂದು ಚೇಳು. ಇದ್ದ ಒಂದೇ ಒಳ್ಳೆಯ ಮೂಲೆಯನ್ನು ಚೇಳು ಹಿಡಿದುಕೊಂಡಿತ್ತು.

ಚಪ್ಪಡಿಯಲ್ಲಿ ಒಂದು ತೂತು ಇತ್ತು. ವಾಲ್ವ್ ತಿರುಗಿಸುವ ಉದ್ದನೆಯ ಕೀ ಇಳಿಸಲು ಬಿಟ್ಟದ್ದು. ಅದರಿಂದ ಒಂದು ಧ್ವನಿ ಕೆಳಗಿಳಿಯಿತು. ಎಷ್ಟು ಮರ್ಯಾದೆಯ ಧ್ವನಿ ಅಂತೀರಿ!

"ರುಕ್ಮಣ್ಣ... ಬೇಜಾರು ಮಾಡ್ಬೇಡಿ. ಇವತ್ತಿನ ಬಜೆಟ್ ಮೀಟಿಂಗ್ ಒಂದು ಮುಗಿಯಲಿ. ಆಮೇಲೆ ನಾವೇ ಬಂದು ತೆಗೀತೇವೆ."

"ಯಾರು? ಲತೇಶನಾ?"

"ಹೆಸರೆಲ್ಲ ಯಾಕೆ ಈಗ? ರೆಸ್ಟ್ ತಗೊಳ್ಳಿ."

ಚಪ್ಪಡಿಯ ಮೇಲೆ ಕಲ್ಲು ಹೇರಿದರು. ಒಂದು... ಎರಡು... ಮೂರು. ಜೀಪು ಸ್ಟಾರ್ಟ್ ಆಯಿತು. ಹೋಯಿತು.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ರುಕ್ಮಯ್ಯ. ಪಾಲೆಗುಂಡಿ ಪಟ್ಟಣ ಪಂಚಾಯತಿನ ವಾಲ್ವ್‌ಮ್ಯಾನ್. ಪಾಲೆಗುಂಡಿ ಎಂದರೆ ಮೂಡುಬಿದಿರೆಗೂ ಬೆಳ್ತಂಗಡಿಗೂ ನಡುವೆ ಬಸ್ಸು ಎರಡು ನಿಮಿಷ ನಿಲ್ಲುವ ಊರು. ಬಂಟ್ವಾಳದಲ್ಲಿ ನೇತ್ರಾವತಿ ದಡದ ಒಂದು ಪಂಪ್‌ಹೌಸಿನಲ್ಲಿ ಕೆಲಸ ಕಲಿತೆ. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಪರ್ಮನೆಂಟ್ ಅಲ್ಲ, ಔಟ್‌ಸೋರ್ಸ್. ಒಂದು ವಾರ್ಡಿನ ವಾಲ್ವ್ ತೆರೆಯುವುದು, ಇನ್ನೊಂದರದ್ದು ಮುಚ್ಚುವುದು. ಊರಿನ ಹದಿನೈದು ವಾರ್ಡುಗಳ ನೀರು ನನ್ನ ಕೈಯಲ್ಲಿ. ಬಾಯಿ ಮಾತ್ರ ಬೇರೆಯವರ ಕೈಯಲ್ಲಿ!

ಆ ಗುಂಡಿಗೆ ನನ್ನನ್ನು ಇಳಿಸಿದ್ದು ಕುಸುಮಕ್ಕ. ಏಳನೇ ವಾರ್ಡಿನ ಮೆಂಬರ್. ಬೀಡಿ ಕಟ್ಟುತ್ತಿದ್ದವರು, ಮೊದಲ ಸಲ ಗೆದ್ದವರು. ಅವರ ವಾರ್ಡು ಎಂದರೆ ಗುಡ್ಡದ ಮೇಲೆ ಸರಕಾರ ಬಡವರಿಗೆ ಹಂಚಿದ ಐದು ಸೆಂಟ್ಸ್ ಕಾಲನಿ. ಎಂಬತ್ತು ಮನೆ. ಮನೆಗೊಂದು ನಲ್ಲಿ. ನಲ್ಲಿಯಲ್ಲಿ ಗಾಳಿ.

ಪ್ರತಿ ಮಾರ್ಚಿಗೆ ಬಜೆಟ್. ಪ್ರತಿ ಬಜೆಟ್ಟಿನಲ್ಲೂ ಒಂದೇ ಸಾಲು... 'ಏಳನೇ ವಾರ್ಡಿಗೆ ಹೊಸ ಬೋರ್‌ವೆಲ್.' ಮೂರು ವರ್ಷದಲ್ಲಿ ಮೂರು ಬೋರ್ ಕೊರೆಸಿದರು. ಮೂರರಲ್ಲೂ ಧೂಳು. "ಪೈಪಿನ ನೀರು ಯಾಕೆ ಬರುವುದಿಲ್ಲ?" ಎಂದು ಕೇಳಿದರೆ ಇಂಜಿನಿಯರ್‌ದು ಒಂದೇ ಉತ್ತರ: "ಎತ್ತರದ ಜಾಗ, ಪ್ರೆಷರ್ ಸಾಲುವುದಿಲ್ಲ."

ಕಳೆದ ತಿಂಗಳು ಕುಸುಮಕ್ಕನ ಅತ್ತೆ ಸೇಸಮ್ಮ ನೀರು ತರಲು ಕಲ್ಲು ಕಡಿದ ಹಳೆ ಕೋರೆಗೆ ಇಳಿದು ಜಾರಿದರು. ಎಪ್ಪತ್ತು ವರ್ಷದ ಸೊಂಟ... ಮುರಿಯಿತು.

ಮರುದಿನ ಕುಸುಮಕ್ಕ ನನ್ನ ಹತ್ತಿರ ಬಂದರು.

"ರುಕ್ಮಣ್ಣ, ನೀವು ವಾಲ್ವ್ ತೆರೆಯುವುದು ನಿಜವಾ?"

"ದಿನ ಬಿಟ್ಟು ದಿನ. ಎರಡು ಗಂಟೆ ಹೊತ್ತು."

"ಹಾಗಾದ್ರೆ ನೀರು ಎಲ್ಲಿಗೆ ಹೋಗ್ತದೆ?"

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಮೀಟಿಂಗಿನಲ್ಲಿ ಯಾರೂ ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು!

ನನ್ನ ಹತ್ತಿರ ಒಂದು ಕಬ್ಬಿಣದ ಸರಳು ಉಂಟು. ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಅಡಿಯಲ್ಲಿ ಓಡುವ ನೀರು ಕೇಳುತ್ತದೆ. ಎರಡು ವಾರ ಹಾಗೆ ರಸ್ತೆಯುದ್ದಕ್ಕೂ ಕಿವಿ ಕೊಟ್ಟು ನಡೆದೆ. ಜನ ನಕ್ಕರು. ಟ್ಯಾಂಕಿನಿಂದ ಹೊರಟ ನೀರು ಗುಡ್ಡದ ಬುಡದವರೆಗೆ ಗಂಭೀರವಾಗಿ ಬರುತ್ತಿತ್ತು. ಅಲ್ಲಿಂದ ಗುಡ್ಡ ಹತ್ತಬೇಕಿತ್ತು.

ಹತ್ತಲಿಲ್ಲ. ಬಲಕ್ಕೆ ತಿರುಗಿತು.

ಬಲಕ್ಕೆ ಇರುವುದು ಶೋಧನ್ ಅವರ ಕನ್ವೆನ್ಷನ್ ಹಾಲ್. ದುಬಾಯಿಯಿಂದ ಬಂದು ಕಟ್ಟಿಸಿದ್ದು. ಸಾವಿರ ಜನರ ಊಟದ ಹಾಲ್, ಹುಲ್ಲಿನ ಲಾನ್, ನೀಲಿ ಬಣ್ಣದ ಸ್ವಿಮ್ಮಿಂಗ್ ಪೂಲ್. ರಸ್ತೆ ಅಗಲ ಮಾಡಿದಾಗ ಗುಡ್ಡದ ಬುಡದ ಹಳೆ ಚೇಂಬರಿನ ಮೇಲೆ ಮಣ್ಣು ಬಿದ್ದಿತ್ತು. ನಾಲ್ಕು ವರ್ಷದಿಂದ ಯಾರೂ ತೆರೆದಿಲ್ಲ ಅಂತಲೇ ನಂಬಿದ್ದೆ. ಬಜೆಟ್ ಮೀಟಿಂಗಿನ ದಿನ ಬೆಳಿಗ್ಗೆ ಹಾರೆ ಹಾಕಿ ಚಪ್ಪಡಿ ಎತ್ತಿದೆ. ಕೀಯನ್ನೂ ಸರಳನ್ನೂ ಹಿಡಿದು ಇಳಿದೆ. ಊರಿನ ಮೈನ್ ವಾಲ್ವ್ ತುಕ್ಕು ಹಿಡಿದು ಕೂತಿತ್ತು. ಪಕ್ಕದಲ್ಲಿ ಏಳನೇ ವಾರ್ಡಿನ ಪೈಪಿಗೆ ಒಂದು ಹೊಸ ಕವಲು. ಅದಕ್ಕೊಂದು ಹೊಸ ವಾಲ್ವ್. ಪೇಂಟಿನ ಹೊಳಪು ಕೂಡ ಹೋಗಿರಲಿಲ್ಲ!

ಆಗಲೇ ಚಪ್ಪಡಿ ಬಿದ್ದದ್ದು.

ಫೋನು ಮೇಲೆ, ನನ್ನ ಟಿವಿಎಸ್‌ನ ಚೀಲದಲ್ಲಿ. ಕೂಗಿದೆ. ಯಾರಿಗೆ ಕೇಳಬೇಕು? ಉಸಿರು ಬಿಸಿಯಾಗತೊಡಗಿತು. ಹಾಗೆ ಬಿಟ್ಟರೆ ಸಂಜೆಗೆ ಅವರು ತೆಗೆಯುವುದು ರುಕ್ಮಯ್ಯನನ್ನಲ್ಲ.

ಸರಿ... ನನಗೆ ಗೊತ್ತಿರುವುದು ಒಂದೇ ವಿದ್ಯೆ.

ಮೈನ್ ವಾಲ್ವಿಗೆ ಕೀ ಕೊಟ್ಟೆ. ಅಲುಗಲಿಲ್ಲ. ಕಾಲು ಗೋಡೆಗೆ ಕೊಟ್ಟು ಎಳೆದೆ. ಕಿರ್ರ್... ಕಾಲು ಸುತ್ತು. ಅರ್ಧ ಸುತ್ತು. ಇಪ್ಪತ್ತೆರಡು ಸುತ್ತಿಗೆ ಊರಿನ ನೀರು ಪೂರ್ತಿ ನಿಂತಿತು.

ನಮ್ಮ ಊರಿನಲ್ಲಿ ಮನುಷ್ಯ ಕಾಣೆಯಾದರೆ ಎರಡು ದಿನ ಕಳೆದು ಹುಡುಕುತ್ತಾರೆ. ನಲ್ಲಿ ನಿಂತರೆ ಹತ್ತೇ ನಿಮಿಷ!

ಇಪ್ಪತ್ತೈದು ನಿಮಿಷವಾಯಿತು. ಸರಳಿನಿಂದ ಚಪ್ಪಡಿಗೆ ಬಡಿಯುತ್ತಾ ಇದ್ದೆ. ಕೊನೆಗೆ ಮೇಲಿನಿಂದ ಬೈಗುಳ ಕೇಳಿಸಿತು. ಅಷ್ಟು ಇಂಪಾದ ಬೈಗುಳ ನಾನು ಕೇಳಿದ್ದಿಲ್ಲ.

"ಎಲ್ಲಿ ಸತ್ತಿದ್ದಾನೆ ಈ ರುಕ್ಮಯ್ಯ? ಗಾಡಿ ಇಲ್ಲೇ ಉಂಟು!"

ಪೇಟೆಯ ಹೋಟೆಲಿನ ದಯಾನಂದ. ಹಿಂದೆ ಆರೇಳು ಜನ. ಕಲ್ಲು ಉರುಳಿಸಿದರು. ಚಪ್ಪಡಿ ಸರಿಯಿತು.

"ಇದೆಂಥದು ಮಾರಾಯ! ಊಟದ ಹೊತ್ತು, ಅನ್ನಕ್ಕೆ ನೀರಿಲ್ಲ. ನೀನು ಇಲ್ಲಿ ತಂಪಿಗೆ ಕೂತಿದ್ದೀಯಾ?"

"ಎರಡು ನಿಮಿಷ ದಯಾನಂದಣ್ಣ. ಈಗ ಬಿಡ್ತೇನೆ."

ಊರಿಗೆ ನೀರು ಬಿಟ್ಟೆ. ಹೊಸ ವಾಲ್ವನ್ನು ಪೂರ್ತಿ ಮುಚ್ಚಿದೆ. ಕೀ ಕೂರುವ ಚೌಕದ ಕ್ಯಾಪನ್ನು ಬೋಲ್ಟ್ ಬಿಚ್ಚಿ ಕಿಸೆಗೆ ಹಾಕಿದೆ. ಅದಿಲ್ಲದೆ ವಾಲ್ವ್ ತಿರುಗಿಸಲು ಹೊರಟರೆ ಒಳಗಿನ ದಂಡವೇ ತುಂಡಾಗುತ್ತದೆ.

ಅವತ್ತು ಏಳನೇ ವಾರ್ಡಿನ ಸರದಿ, ಅವರ ವಾಲ್ವ್ ತೆರೆದಿಟ್ಟೇ ಬಂದಿದ್ದೆ. ಮೇಲೆ ಬಂದು ಕುಸುಮಕ್ಕನಿಗೆ ಫೋನ್ ಮಾಡಿದೆ.

"ನಲ್ಲಿ ತಿರುಗಿಸಿ ನೋಡಿ."

ಆ ಕಡೆ ನಲ್ಲಿ ಕಿರುಗುಟ್ಟಿತು. ಆಮೇಲೆ ನೀರು ಬೀಳುವ ಶಬ್ದ. ಆಮೇಲೆ... ಅಳು.

"ರುಕ್ಮಣ್ಣ... ಎಷ್ಟು ಜೋರು ಬರ್ತಾ ಉಂಟು!"

"ಒಂದು ಕೊಡಪಾನ ತುಂಬಿಸಿ. ಮೂರು ಗಂಟೆಗೆ ಮೀಟಿಂಗಿಗೆ ತನ್ನಿ."

ಗಂಟೆ ಹನ್ನೆರಡೂವರೆ. ಕನ್ವೆನ್ಷನ್ ಹಾಲಿನಲ್ಲಿ ಅವತ್ತು ಮದುವೆ. ಎಂಟುನೂರು ಜನ ಕೈ ತೊಳೆಯಲು ಹೊರಟಿದ್ದರು. ನಲ್ಲಿಯಲ್ಲಿ ಗಾಳಿ! ಅಲ್ಲಿಂದ ಜೀಪು ಹೊರಟಿತು, ಚೇಂಬರಿನಲ್ಲಿ ಕ್ಯಾಪ್ ಕಾಣದೆ ಟಿವಿಎಸ್‌ನಲ್ಲಿ ಹೊರಟಿದ್ದ ನನ್ನ ಹಿಂದೆ ಬಿತ್ತು.

ಕನ್ನಡಿಯಲ್ಲಿ ನೋಡಿದೆ. ಅದೇ ಜೀಪು. ಶೋಧನ್ ಅವರ ಆಳು ಲತೇಶ ಡ್ರೈವರ್ ಸೀಟಿನಲ್ಲಿ. ನನ್ನ ಟಿವಿಎಸ್ ಮೊಪೆಡ್ಡಿಗೆ ಐವತ್ತರ ಮೇಲೆ ಸ್ಪೀಡ್ ಇಲ್ಲ. ಹಿಂದಿನ ಚಕ್ರಕ್ಕೆ ಬಂಪರ್ ತಾಗಿತು. ಮತ್ತೊಮ್ಮೆ! ಗಾಡಿ ಚರಂಡಿಗೆ. ನಾನು ರಬ್ಬರ್ ತೋಟಕ್ಕೆ.

ಓಡಿದೆ. ಐವತ್ತು ವರ್ಷದ ಮೊಣಕಾಲು ಕೇಳಬೇಕಲ್ಲ! ಹಿಂದೆ ಒಣ ಎಲೆ ತುಳಿಯುವ ಸದ್ದು. ಇಬ್ಬರು... ಅಲ್ಲ, ಮೂವರು. ತೋಟ ದಾಟಿದರೆ ಶಿರ್ತಾಡಿ ರಸ್ತೆ. ಮೂಡುಬಿದಿರೆ ಬಸ್ಸು ತಿರುವಿನಲ್ಲಿ ನಿಧಾನ ಮಾಡಿತು. ನೇತಾಡಿ ಹತ್ತಿದೆ.

"ಎಲ್ಲಿಗೆ?" ಕಂಡಕ್ಟರ್ ಕೇಳಿದ.

"ಎಲ್ಲಿಗಾದರೂ!"

"ಅಲ್ಲಿಗೆ ಟಿಕೆಟ್ ಇಲ್ಲ."

ಎರಡೇ ಕಿಲೋಮೀಟರ್. ಜೀಪು ಮುಂದೆ ಬಂದು ಅಡ್ಡ ನಿಂತಿತು. ಲತೇಶ ಬಸ್ಸು ಹತ್ತಿದ. ನನ್ನ ಕಾಲರ್ ಹಿಡಿದು ಇಳಿಸಿದ. ಇಡೀ ಬಸ್ಸು ಕಿಟಕಿಯಿಂದ ನೋಡಿತು. ನೋಡಿ, ಹೊರಟು ಹೋಯಿತು.

ಶೋಧನ್ ಇನ್ನೊಂದು ಕಾರಿನಲ್ಲಿ ಬಂದರು. ಬಿಳಿ ಪಂಚೆ, ಸೆಂಟಿನ ವಾಸನೆ. ಕೋಪವೇ ಇಲ್ಲ.

"ರುಕ್ಮಯ್ಯ, ಎಂಟುನೂರು ಜನ ಎಂಜಲು ಕೈಯಲ್ಲಿ ನಿಂತಿದ್ದಾರೆ. ಹೆಣ್ಣಿನ ಅಪ್ಪ ಅಳ್ತಿದ್ದಾನೆ. ಆ ಕ್ಯಾಪ್ ಕೊಡು."

"ಏಳನೇ ವಾರ್ಡಿನವರು ಮೂರು ವರ್ಷ ಅತ್ತಿದ್ದಾರೆ, ಧಣಿ."

"ಅವರಿಗೆ ಟ್ಯಾಂಕರ್ ಬರ್ತದಲ್ಲ? ಟ್ಯಾಂಕರ್ ನಂದೇ. ನಾನು ಕಳಿಸುದಿಲ್ವಾ?"

"ನಮ್ಮ ನೀರನ್ನೇ!"

ಅವರು ಲತೇಶನ ಕಡೆ ನೋಡಿದರು. ಅಷ್ಟೇ. ಲತೇಶ ನನ್ನ ಬಲಗೈಯನ್ನು ಜೀಪಿನ ಬಾಗಿಲಿನ ಸಂದಿಗೆ ಇಟ್ಟ.

"ಕ್ಯಾಪ್ ಎಲ್ಲಿ?"

"ಬಸ್ಸಿನಲ್ಲಿ. ಸೀಟಿನ ಅಡಿಯಲ್ಲಿ. ಈಗ ಶಿರ್ತಾಡಿ ದಾಟಿರಬೇಕು."

ನಿಜವನ್ನೇ ಹೇಳಿದೆ. ಆದರೂ ಬಾಗಿಲು ಹಾಕಿದ!

ಎರಡು ಬೆರಳು. ಸದ್ದು ಸಣ್ಣದು, ಬೀಡಿ ಎಲೆ ಮುರಿದ ಹಾಗೆ. ಆಮೇಲೆ ಜೀಪು ಬಸ್ಸಿನ ಹಿಂದೆ ಹೋಯಿತು. ಕಾರು ಮದುವೆಗೆ ಹೋಯಿತು. ನಾನು ಟವೆಲಿನಲ್ಲಿ ಕೈ ಸುತ್ತಿಕೊಂಡು ಪಂಚಾಯತಿಗೆ ನಡೆದೆ.

ಮೂರು ಗಂಟೆ. ಸಭಾಂಗಣ. ಹದಿನೈದು ಮೆಂಬರು, ಮುಖ್ಯಾಧಿಕಾರಿ ದೀಕ್ಷಿತಾ ಮೇಡಂ, ಮಧ್ಯದಲ್ಲಿ ಅಧ್ಯಕ್ಷ ನಿತ್ಯಾನಂದ. ನಾನು ಬಾಗಿಲಿನ ಪಕ್ಕದ ಬೆಂಚಿನಲ್ಲಿ ಕೂತೆ.

"ಕೈಗೆ ಎಂಥ ಆಯ್ತು ರುಕ್ಮಯ್ಯ?" ಅಧ್ಯಕ್ಷರು ಕೇಳಿದರು.

"ಜೀಪಿನ ಬಾಗಿಲು."

"ಜಾಗ್ರತೆ ಮಾಡ್ಬೇಕಲ್ಲ ಮಾರಾಯ."

ಬೀದಿದೀಪ ಪಾಸ್. ಮೀನು ಮಾರ್ಕೆಟಿನ ಶೀಟು ಪಾಸ್. ಚರಂಡಿ ಹೂಳು ಪಾಸ್. ಒಬ್ಬರು ಆಕಳಿಸಿದರು, ಇನ್ನೊಬ್ಬರು ಫೋನು ನೋಡುತ್ತಿದ್ದರು. ಆಮೇಲೆ ಮೇಡಂ ಓದಿದರು: "ಏಳನೇ ವಾರ್ಡಿಗೆ ನಾಲ್ಕನೇ ಬೋರ್‌ವೆಲ್..."

ಕುಸುಮಕ್ಕ ಎದ್ದರು. ಕೊಡಪಾನ ಎತ್ತಿ ಅಧ್ಯಕ್ಷರ ಮೇಜಿನ ಮೇಲೆ ಕುಕ್ಕಿದರು. ನೀರು ಬಜೆಟ್ ಪುಸ್ತಕದ ಮೇಲೆ ಚೆಲ್ಲಿತು.

"ಇದು ಏಳನೇ ವಾರ್ಡಿನ ನಲ್ಲಿಯ ನೀರು. ಇವತ್ತು ಬಂದದ್ದು. ಬೋರ್‌ವೆಲ್ ಬೇಡ ನಮಗೆ. ಕದ್ದ ಪೈಪು ಮುಚ್ಚಿ ಸಾಕು!"

ಏನು ಹೇಳಲಿ... ಬೆರಳಿನ ನೋವು ಆ ಒಂದು ಕ್ಷಣ ಇರಲಿಲ್ಲ. ಹದಿನೈದೂ ಜನ ಕೊಡಪಾನವನ್ನು ನೋಡಿದರು. ಯಾರ ಪೈಪು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು!

ನಿತ್ಯಾನಂದ ಒದ್ದೆ ಪುಸ್ತಕವನ್ನು ಒರೆಸಿದರು. ನಕ್ಕರು.

"ಗಂಭೀರ ವಿಷಯ. ಒಂದು ಚಾ ಕುಡಿದು ಮಾತಾಡುವ."

ಚಾ ಬಂತು. ನೀರುಳ್ಳಿ ಬಜೆ ಬಂತು. ಕುಸುಮಕ್ಕನನ್ನು ಒಳಗಿನ ಕೋಣೆಗೆ ಕರೆದರು. ಇಪ್ಪತ್ತು ನಿಮಿಷ. ಹೊರಗೆ ಬಂದಾಗ ಅವರು ನನ್ನ ಕಡೆ ನೋಡಲಿಲ್ಲ.

ಆಗಲೇ ಅರ್ಥವಾಯಿತು.

ಮೇಡಂ ತಲೆ ಎತ್ತದೆ ಓದಿದರು. ಕನ್ವೆನ್ಷನ್ ಹಾಲಿನ ನೀರಿನ ಸಂಪರ್ಕವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಸಕ್ರಮಗೊಳಿಸುವುದು. ಏಳನೇ ವಾರ್ಡಿಗೆ ದಿನ ಬಿಟ್ಟು ದಿನ ಒಂದು ಗಂಟೆ ನೀರು ಖಾತರಿ. ಅನುಮತಿ ಇಲ್ಲದೆ ಊರಿನ ನೀರು ನಿಲ್ಲಿಸಿದ ಹೊರಗುತ್ತಿಗೆ ನೌಕರ ರುಕ್ಮಯ್ಯನನ್ನು ಕೆಲಸದಿಂದ ತೆಗೆಯುವುದು.

"ಅನುಮೋದಕರು ಯಾರು?"

ಅಧ್ಯಕ್ಷರು ಏಳನೇ ವಾರ್ಡಿನ ಕುರ್ಚಿಯ ಕಡೆ ತಿರುಗಿದರು.

ಕುಸುಮಕ್ಕ ಕೈ ಎತ್ತಿದರು.

ಸರ್ವಾನುಮತ!

ಮೆಟ್ಟಿಲಿನಲ್ಲಿ ಓಡಿ ಬಂದು ನನ್ನನ್ನು ಹಿಡಿದರು.

"ಜಗಳ ಮಾಡಿದ್ರೆ ಕೋರ್ಟಿಗೆ ಹೋಗ್ತದೆ ಅಂತ ಹೇಳಿದ್ರು. ಐದು ವರ್ಷ ಒಂದು ಹನಿ ಸಿಕ್ಕುದಿಲ್ಲ ಅಂತ. ಅತ್ತೆ ಮಲಗಿದಲ್ಲೇ ಇದ್ದಾರೆ ರುಕ್ಮಣ್ಣ, ತೊಳೆಯಲು ನೀರು ಬೇಕು... ನಾನು ಎಂಥ ಮಾಡ್ಬೇಕಿತ್ತು? ನೀವೇ ಹೇಳಿ."

ಟವೆಲಿನ ಗಂಟು ಬಿಗಿದುಕೊಂಡು ಮೆಟ್ಟಿಲು ಇಳಿದೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ತಿರ ಉಂಟಾ?

ಲಾಯಿಲದಲ್ಲಿ ನನ್ನ ತಂಗಿಯ ಮನೆ. ಕೈಗೆ ಬ್ಯಾಂಡೇಜು ಹಾಕಿಸಿ ಅಲ್ಲಿ ಬಿದ್ದುಕೊಂಡೆ. ಮೂರನೇ ದಿನ ಫೋನು ಬಂತು. ಕುಸುಮಕ್ಕ.

"ಇವತ್ತು ನಮ್ಮ ಸರದಿ ರುಕ್ಮಣ್ಣ. ನೀರು ಬರಲಿಲ್ಲ. ಹೊಸಬನಿಗೆ ವಾಲ್ವ್ ಯಾವುದು ಅಂತಲೇ ಗೊತ್ತಿಲ್ಲ. ಒಮ್ಮೆ... ಬರ್ತೀರಾ?"

ಹೋಗಬಾರದಿತ್ತು. ಬಸ್ಸು ಹತ್ತಿದೆ.

ಗುಡ್ಡದ ಬುಡದಲ್ಲಿ, ವಾರ್ಡುಗಳ ವಾಲ್ವುಗಳ ಪಕ್ಕ, ಹೊಸ ವಾಲ್ವ್‌ಮ್ಯಾನ್ ಕೀ ಹಿಡಿದು ನಿಂತಿದ್ದ. ಪಂಚಾಯತಿಗೆ ಔಟ್‌ಸೋರ್ಸ್ ಜನ ಕೊಡುವುದು ಈಗ ಶೋಧನ್ ಅವರದ್ದೇ ಏಜೆನ್ಸಿಯಂತೆ. ಹುಡುಕಬೇಕಾಗಿರಲಿಲ್ಲ, ಪರಿಚಯದವನೇ.

ಲತೇಶ!

"ರುಕ್ಮಣ್ಣ," ಅದೇ ಮರ್ಯಾದೆಯ ಧ್ವನಿ. "ಇದರಲ್ಲಿ ಏಳನೇ ವಾರ್ಡಿನದ್ದು ಯಾವುದು? ಎಡಕ್ಕಾ, ಬಲಕ್ಕಾ?"

ಎಡಗೈಯಲ್ಲಿ ತೋರಿಸಿದೆ. ಅವನು ತಿರುಗಿಸಿದ. ಸರಳಿಗೆ ಕಿವಿ ಕೊಟ್ಟೆ. ನೀರು ಗುಡ್ಡ ಹತ್ತತೊಡಗಿತ್ತು.

ಕುಸುಮಕ್ಕ ಸ್ವಲ್ಪ ದೂರ, ರಸ್ತೆಯ ಆಚೆ ನಿಂತಿದ್ದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದರು.

"ಮುಂದಿನ ಮೀಟಿಂಗಿನಲ್ಲಿ ನಿಮ್ಮ ವಿಷಯ ಇಡ್ತೇನೆ ರುಕ್ಮಣ್ಣ. ದೇವರಾಣೆ."

"ಬೇಡ ಕುಸುಮಕ್ಕ," ಎಂದೆ. "ನಮ್ಮ ಪಂಚಾಯತಿನಲ್ಲಿ ಸಕ್ರಮ ಆಗ್ಬೇಕಾದ್ರೆ ಸ್ವಿಮ್ಮಿಂಗ್ ಪೂಲ್ ಬೇಕು. ನನ್ನ ಹತ್ತಿರ ಇರುವುದು ಒಂದು ಬಕೆಟ್... ಅದೂ ತೂತು!"