ನಡುಗೋಡೆಯ ಕರಿಬೊಟ್ಟು

ಅಜ್ಜನಿಗೆ ಮರೆವು ಬಂದಿದೆ ಅಂತ ಗ್ರೂಪಿನಲ್ಲಿ ಬರೆದವರು ಯಾರು ಅಂತ ನನಗೆ ಗೊತ್ತು. ನಿಮಗೆ ನಿನ್ನೆ ಮಧ್ಯಾಹ್ನ ಉಂಡ ಸಾರು ಯಾವುದು ಅಂತ ನೆನಪಿಲ್ಲ, ಹೆಂಡತಿಯ ನಂಬರು ಬೇಕಾದರೆ ಫೋನು ತಡಕಾಡುತ್ತೀರಿ, ನನ್ನ ನೆನಪಿಗೆ ಮಾರ್ಕು ಹಾಕಲು ಬರುತ್ತೀರಿ. ಇಕ್ಕೇರಿ ಕಡೆಯ ಜಯಪ್ಪನ ಸೊಸೆ ಸುಚಿತ್ರಾ ತನ್ನ ಬಾಯಿಂದಲೇ ನನ್ನೆದುರು ಹೇಳಿದ್ದು ಇದು. ಸುಮ್ಮನೆ ಕೇಳಿ. ನಡುವೆ ಹೆಬ್ಬೆರಳೆತ್ತಿದ ಚಿತ್ರ ಕಳಿಸಬೇಡಿ.

"ಅದನ್ನ ಮುಟ್ಬೇಡ," ಎಂದು ಅತ್ತೆ ಮಾಸ್ತಮ್ಮ ಹೇಳಿದ್ದು ಸುಚಿತ್ರಾ ಮದುವೆಯಾಗಿ ಬಂದ ಒಂಬತ್ತನೆಯ ದಿನ.

ಜಯಪ್ಪ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸುವಾಗ ಒಂದೇ ಒಂದು ಮಣ್ಣಿನ ಗೋಡೆ, ಹಳೆಯ ನಡುಗೋಡೆ, ಉಳಿಸಿಕೊಂಡಿದ್ದ. ಅದರ ಸುತ್ತ ಸಿಮೆಂಟಿನ ಕೋಣೆ ಎದ್ದಿತ್ತು. ಕಿಟಕಿಯಿಲ್ಲ. ಹಗಲಿನಲ್ಲೂ ಅಲ್ಲಿ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಒಳಗೆ ಕಾಲಿಟ್ಟರೆ ಕೆಮ್ಮಣ್ಣಿನ ತಣ್ಣನೆಯ ವಾಸನೆ, ಕರಿ ಬಣ್ಣಕ್ಕೆ ಸುಟ್ಟ ಅಕ್ಕಿಯ ಕಮಟು. ಗೋಡೆಯ ತುಂಬ ಮದುವೆಗೆಂದು ಬರೆಯುವ ಹಸೆ ಚಿತ್ತಾರ. ಕೆಳಗಿನ ಸಾಲಿನಲ್ಲಿ ಆ ಮನೆಯ ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಬಿಳಿಯ ಗೊಂಬೆ. ಭುಜ, ಮೊಣಕೈ, ಮಣಿಕಟ್ಟು, ಮಂಡಿ, ಕೀಲಿರುವಲ್ಲೆಲ್ಲ ಒಂದೊಂದು ಕರಿ ಬೊಟ್ಟು. ಆ ಬೆಳಿಗ್ಗೆಯಷ್ಟೇ ಮಾಸ್ತಮ್ಮ ನಾರಿನ ಕುಂಚ ಅದ್ದಿ ಹೊಸ ಸೊಸೆಯ ಗೊಂಬೆ ಬರೆದು ಮುಗಿಸಿದ್ದಳು. ಬೊಟ್ಟುಗಳು ಇನ್ನೂ ಹಸಿಯಾಗಿದ್ದವು.

"ಈ ಮನೆ ಹೆಂಗಸ್ರ ಕೀಲೇ ಸಡ್ಲ ಮಾರಾಯ್ತಿ," ಎಂದು ಮಾಸ್ತಮ್ಮ ತನ್ನ ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ತಾಗಿಸಿ ತೋರಿಸಿದಳು. "ನಮ್ಮನ್ನ ಹಿಡ್ಕಂಡಿರದು ಈ ಬೊಟ್ಟು. ಗೋಡೆ ಮೇಲೆ ಬಂದ್ಮೇಲೆ ನಿನ್ನನ್ನೂ ಅದೇ ಹಿಡ್ಕಂತದೆ. ಹೊಟ್ಟೆಕಿಚ್ಚು ಇಟ್ಕಂಡು ಇದ್ರ ಮುಂದೆ ನಿಲ್ಬೇಡ. ಬಿಂದುದು ನೋಡು."

ಬಿಂದು ಎಂದರೆ ಮಾಸ್ತಮ್ಮನ ಮಗಳು, ಸುಚಿತ್ರಾಳ ನಾದಿನಿ. ಅವಳ ಗೊಂಬೆಯಲ್ಲಿ ಬೊಟ್ಟೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಶಾಲೆಯ ಯೋಗ ಸ್ಪರ್ಧೆಯಲ್ಲಿ ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿದು ಅವಳು ಬಹುಮಾನ ತಂದಿದ್ದಳು. ಸೋದರತ್ತೆ ಹುಲಿಗೆಮ್ಮನ ಮಗಳು ಬರಿಗೈಯಲ್ಲಿ ಬಂದಿದ್ದಳು. ಹುಲಿಗೆಮ್ಮ ಅದೇ ಸಂಜೆ ಬೆರಳಿಗೆ ಉಗುಳು ಹಚ್ಚಿ, ಎಂಥದೋ ಮಣಮಣ ಅನ್ನುತ್ತ, ಬಿಂದುವಿನ ಬೊಟ್ಟುಗಳನ್ನು ಒಂದೂ ಬಿಡದೆ ಒರೆಸಿದಳು. ಮರುದಿನದಿಂದ ಹುಡುಗಿಯ ಭುಜ ಕಳಚತೊಡಗಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಕೈ ನಡುಕ. ಕೆಲವು ದಿನ ಅರ್ಧ ನಾಲಿಗೆ ಮರಗಟ್ಟಿ ಮಾತು ತೊದಲುತ್ತಿತ್ತು. ಮಾಸ್ತಮ್ಮ ಎಷ್ಟು ಸಲ ಬೊಟ್ಟಿಟ್ಟರೂ ಬೆಳಗಾಗುವುದರೊಳಗೆ ಪುಡಿಯಾಗಿ ಉದುರುತ್ತಿತ್ತು. ಹುಲಿಗೆಮ್ಮ ಮಾಟ ಬಿಡಿಸದೆಯೇ ಸತ್ತಳು.

ಸುಚಿತ್ರಾ ನಕ್ಕಳು. ತೀರ್ಥಹಳ್ಳಿಯ ಲ್ಯಾಬೊಂದರಲ್ಲಿ ಏಳು ವರ್ಷ ರಕ್ತ ತೆಗೆದವಳು ಅವಳು.

"ನನ್ನ ಕೀಲು ಗಟ್ಟಿ ಇದೆ ಅತ್ತೆ. ಬಿಂದು ಫೈಲ್ ನಾನೇ ನೋಡಿದೀನಿ. ರಿಪೋರ್ಟ್ ಎಲ್ಲ ನಾರ್ಮಲ್."

ನಗು ಮೇಲಿನದು. ಒಳಗೆ ಉರಿಯುತ್ತಿದ್ದುದು ಬೇರೆ. ಗಂಡ ಲಿಖಿತ್ ಬೆಸುಗೆ ಅಂಗಡಿಯವನು, ಅಂಗೈ ತುಂಬ ಸುಟ್ಟ ಕಲೆ. ಆ ಒರಟು ಕೈ ತಂಗಿಯ ಕಂಕುಳಿಗೆ ಹೋದಾಗ ಮಾತ್ರ ಹತ್ತಿಯಾಗುತ್ತಿತ್ತು. ಭುಜ ಕೂರಿಸುವವನು ಅವನು. ತಲೆ ಬಾಚುವವನು ಅವನು. ತುತ್ತು ಕೊಡುವವನೂ ಅವನೇ. ಒಂಬತ್ತು ದಿನದಲ್ಲಿ ಅವನು ಹೆಂಡತಿಯ ಕೈ ಹಿಡಿದದ್ದು ಎರಡು ಸಲ, ಅದರಲ್ಲಿ ಒಂದು ಧಾರೆಯ ಹೊತ್ತಿನಲ್ಲಿ, ಪುರೋಹಿತರು ಹೇಳಿದ್ದಕ್ಕೆ.

ಅಂದು ಮಧ್ಯಾಹ್ನ ಇಬ್ಬರೂ ತೀರ್ಥಹಳ್ಳಿಗೆ, ಅವಳ ತವರಿಗೆ ಹೊರಟಿದ್ದರು. ಬ್ಯಾಗು ಕಾರಿನಲ್ಲಿತ್ತು. ತಟ್ಟೆ ಎತ್ತುವಾಗ ಬಿಂದುವಿನ ಭುಜ ಕಳಚಿತು. ಲಿಖಿತ್ ಕೀಲಿಕೈ ಎಸೆದು ಓಡಿದ.

"ನಾಳೆ ಹೋದ್ರಾತು," ಎಂದ, ತಿರುಗಿಯೂ ನೋಡದೆ. ಆ ಮಾತು ಅವನು ಹೇಳಿದ್ದು ಅದು ಮೂರನೆಯ ಸಲ.

"ಅತ್ತಿಗೆ, ಬೇಜಾರು ಮಾಡ್ಕಬೇಡಿ. ಅಣ್ಣ ಇಲ್ದಿದ್ರೆ ಇದು ಕೂರದಿಲ್ಲ," ಎಂದಳು ಬಿಂದು, ಅಣ್ಣನ ಎದೆಗೆ ಒರಗಿ. ಅವಳ ತುಟಿಯಂಚಿನಲ್ಲಿ ನೋವಿತ್ತು. ಸುಚಿತ್ರಾಳಿಗೆ ಅದು ನಗುವಿನ ಹಾಗೆ ಕಂಡಿತು.

ಅವಳು ನೆಟ್ಟಗೆ ನಡುಗೋಡೆಯ ಕೋಣೆಗೆ ಹೋದಳು. ಬಾಗಿಲು ತಾನಾಗಿ ಹಿಂದೆ ಮುಚ್ಚಿಕೊಂಡಿತು. ಕತ್ತಲೆ. ಕಮಟು ವಾಸನೆ ಬೆಳಿಗ್ಗೆಗಿಂತ ದಟ್ಟವಾಗಿತ್ತು. ಫೋನಿನ ಬೆಳಕು ಹಾಕಿದಳು. ಬಿಳಿಯ ಗೊಂಬೆಗಳೆಲ್ಲ ಅವಳ ಕಡೆಗೇ ಮುಖ ಮಾಡಿ ನಿಂತಂತಿತ್ತು.

"ಬೊಟ್ಟಿಲ್ಲ ಅಂತ ತಾನೇ ನಿನ್ನ ನಾಟಕ? ತಗೋ."

ತನ್ನ ಗೊಂಬೆಯ ಭುಜದ ಹಸಿ ಬೊಟ್ಟನ್ನು ಹೆಬ್ಬೆರಳಿನಿಂದ ಎತ್ತಿ ಬಿಂದುವಿನ ಗೊಂಬೆಯ ಭುಜಕ್ಕೆ ಒತ್ತಿದಳು. ಆಮೇಲೆ ಮೊಣಕೈ. ಮಣಿಕಟ್ಟು. ಮಂಡಿ. ತನ್ನದರಲ್ಲಿ ಒಂದೂ ಉಳಿಸಲಿಲ್ಲ.

"ಇನ್ನು ಎದ್ದು ನಡಿ. ನನ್ನ ಗಂಡನ್ನ ಬಿಡು."

ಟಕ್.

ಸದ್ದು ಗೋಡೆಯದಲ್ಲ. ಅವಳ ಭುಜದ್ದು. ಫೋನು ಬಿತ್ತು. ಬೆಳಕು ನೆಲಕ್ಕೆ ಅಂಟಿತು. ಹೆಬ್ಬೆರಳು ಹಿಂದಕ್ಕೆ ಬಾಗಿತು. ನಿಲ್ಲಲಿಲ್ಲ. ಇನ್ನೂ ಬಾಗಿತು. ಮುಂಗೈಗೆ ತಾಗಿತು. ಮಂಡಿ ಮಡಿಯಬಾರದ ಕಡೆಗೆ ಮಡಿಯಿತು. ಕಿರುಚಲು ಹೋದಳು. ಬಾಯಿ ತುಂಬ ಸುಟ್ಟ ಅಕ್ಕಿಯ ರುಚಿ. ಅರ್ಧ ನಾಲಿಗೆ ಮರಗಟ್ಟಿತ್ತು.

ಹೊರಗೆ ಬಿಂದುವಿನ ಧ್ವನಿ ಕೇಳಿತು. "ಅಣ್ಣ, ಕೈ ಬಿಡು. ಭುಜ ತಾನೇ ಕೂತ್ಕಂತು."

ಬಾಗಿಲು ತೆರೆದ ಮಾಸ್ತಮ್ಮ ಮೊದಲು ಗೋಡೆ ನೋಡಿದಳು, ಆಮೇಲೆ ನೆಲದ ಮೇಲಿದ್ದ ಸೊಸೆಯನ್ನು.

"ಬಿಂದುಗೆ ನಾ ಇಟ್ಟಿದ್ದು ಬರೀ ಬಣ್ಣ ಕಣೇ. ಅದ್ಕೇ ಉದುರ್ತಿತ್ತು," ಎಂದಳು ಮೆಲ್ಲಗೆ. "ನೀ ಇಟ್ಟಿದ್ದು ನಿನ್ನ ಕೀಲು."

ಶಿವಮೊಗ್ಗದ ಡಾಕ್ಟರು ಬೆರಳು ಬಗ್ಗಿಸಿ ನೋಡಿದರು, ನರದ ಪರೀಕ್ಷೆ ಮಾಡಿಸಿದರು, ತಲೆಯ ಸ್ಕ್ಯಾನು ಮಾಡಿಸಿದರು. ಎಲ್ಲ ನಾರ್ಮಲ್. "ಇಂಥದ್ದು ರಕ್ತದಲ್ಲೇ ಬರೋದಮ್ಮ. ನಿಮ್ಮ ತವರಲ್ಲಿ ಯಾರಿಗಿತ್ತು?" ಎಂದು ಕೇಳಿದರು. ಯಾರಿಗೂ ಇರಲಿಲ್ಲ. ಗಂಡನ ಮನೆಯಲ್ಲಿದೆ ಎಂದರೆ ಅವರು ಕನ್ನಡಕ ತೆಗೆದು ನೋಡಿದರು.

ಈಗ ಎಂಟು ತಿಂಗಳಾಯಿತು. ಅವಳಿಗೆ ಬೇಕಿದ್ದ ಕೈಗಳು ಸಿಕ್ಕಿವೆ. ಲಿಖಿತ್ ಅಂಗಡಿ ಬಿಟ್ಟು ಓಡಿ ಬರುತ್ತಾನೆ, ಹತ್ತಿಯಂಥ ಅಂಗೈಯಲ್ಲಿ ಭುಜ ಕೂರಿಸುತ್ತಾನೆ, ತಲೆ ಬಾಚುತ್ತಾನೆ, ತುತ್ತು ಕೊಡುತ್ತಾನೆ. ಅವಳ ಕಣ್ಣು ಅವನ ಮೇಲಿರುವುದಿಲ್ಲ. ತುಂಬಿದ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಅಂಗಳ ದಾಟುವ ಬಿಂದುವಿನ ಮಣಿಕಟ್ಟಿನ ಮೇಲಿರುತ್ತದೆ. ಎಷ್ಟು ಗಟ್ಟಿ. ಒಂದಿಷ್ಟೂ ನಡುಗುವುದಿಲ್ಲ. ಅದನ್ನು ನೋಡುತ್ತ ನೋಡುತ್ತ ಅವಳ ಬಾಯಲ್ಲಿನ ತುತ್ತು ಕಹಿಯಾಗುತ್ತದೆ.

ಒಂದು ದಿನ ತಡೆಯಲಾರದೆ ಬೇಡಿಕೊಂಡಳು.

"ಬಿಂದು, ಒಂದ್ಸಲ ಆ ಗೋಡೆಗೆ ನಿನ್ನ ಹೆಬ್ಬೆರಳು ಇಡು. ಎಲ್ಲ ಬೇಡ. ಈ ಬಲಗೈದು ಒಂದು ಬೊಟ್ಟು ಕೊಡು, ಸಾಕು."

ಬಿಂದು ಕನ್ನಡಿಯ ಮುಂದೆ ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು. ತಲೆ ತಿರುಗಿಸಿದಳು. ಅತ್ತಿಗೆಯ ಭುಜದ ಮೇಲಿದ್ದ ಅಣ್ಣನ ಕೈಯನ್ನು ಒಂದು ಗಳಿಗೆ ನೋಡಿದಳು, ಒಂದು ಕಾಲಕ್ಕೆ ಸುಚಿತ್ರಾ ನೋಡುತ್ತಿದ್ದ ಹಾಗೆಯೇ.

"ಎಂತಕ್ಕೆ ಅತ್ತಿಗೆ?" ಎಂದಳು, ಜಡೆಯ ತುದಿಗೆ ರಬ್ಬರು ಸುತ್ತುತ್ತ. "ನಿಮ್ಮ ರಿಪೋರ್ಟ್ ಎಲ್ಲ ನಾರ್ಮಲ್ ಅಲ್ದಾ?"

ಇಷ್ಟೇ. ಇದನ್ನು ನಿಮ್ಮ ಫೋನಿನಲ್ಲೇ ಕೊಳೆಸಬೇಡಿ, ಮುಂದಕ್ಕೆ ಕಳಿಸಿ. ಮನೆಯಲ್ಲಿ ಕಾಯಿಲೆಯಿಂದ ಮಲಗಿದವರನ್ನು ನೋಡಿ ನಾಟಕ ಅಂದುಕೊಂಡು ಒಳಗೊಳಗೇ ಉರಿಯುವವರು ಒಬ್ಬರು ಇದ್ದೇ ಇರುತ್ತಾರೆ. ಮೊದಲು ಅವರಿಗೆ ಕಳಿಸಿ.