ಉಸಿರುಗನ್ನಡಿ

ಇಂಚರಾ ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದಳು. ಅಂಗೈಯಗಲದ ಗಾಜಿನ ಮೇಲೆ ಉಸಿರು ಮಂಜುಮಂಜಾಗಿ ಕೂತಿತು, ಅದರ ಮೇಲೆ ನೀಲಿ ಬೆಳಕು ಹಾಯಿತು. ತಾಯಿ ದ್ಯಾಮವ್ವ ಬೆನ್ನ ಹಿಂದೆ ನಿಂತು ಕೆಂಪು ಗೆರೆಗಾಗಿ ಕಾದಳು. ಗೆರೆ ಮೂಡಲಿಲ್ಲ.

ಡಾಕ್ಟರ್ ರಜಿಯಾ ಕಿತ್ತೂರ ತಾನೇ ರೂಪಿಸಿ ಕೆಂಚನಹಾಳಕ್ಕೆ ತಂದ ಈ ಯಂತ್ರದ ಹೆಸರು ಉಸಿರುಗನ್ನಡಿ. ಒಂದೊಂದು ಕಾರ್ಖಾನೆಯ ಹೊಗೆಯಲ್ಲಿ ಲೋಹದ ಕಣಗಳ ಬೆರಕೆ ಒಂದೊಂದು ಥರ. ಉಸಿರಿನ ಹನಿಗಳಲ್ಲಿ ಆ ಕಣಗಳಿದ್ದರೆ ಗಾಜಿನಲ್ಲಿ ಗೆರೆ ಮೂಡಿ, ಯಾವ ಚಿಮಣಿಯ ದೂಳು ಯಾರ ಎದೆಯಲ್ಲಿದೆ ಎಂದು ಹೇಳುತ್ತದೆ. ಈ ಊರಿನ ಕಬ್ಬಿಣದ ಕಾರ್ಖಾನೆಗೆ ಗೊತ್ತುಮಾಡಿದ ಬಣ್ಣ ಕೆಂಪು. 2058ರ ಹೊಸ ಕಾನೂನಿನಂತೆ ಊರವರ ಉಸಿರಿನಲ್ಲಿ ಗೆರೆ ಕಂಡರೆ, ಚಿಮಣಿಗೆ ದೂಳು ಸೋಸುವ ಯಂತ್ರ ಕೂರಿಸುವ ತನಕ ಕುಲುಮೆ ಆರಿಸಬೇಕು.

"ಊರ ಹುಡುಗ್ರೆಲ್ಲ ಊದಿದ್ರು. ಒಂದರ ಗೆರಿ ಬಂತೇನ್ರಿ?" ಎಂದು ಕಾರ್ಖಾನೆಯ ಮ್ಯಾನೇಜರು ನಕ್ಕರು.

ದ್ಯಾಮವ್ವ ರಜಿಯಾಳ ಮುಂದೆ ಬಂದು ನಿಂತಳು. ಕುಲುಮೆ ಆರಿದರೆ ತಾನೇ ಮಗಳು ಮನೆಯಲ್ಲಿ ಉಳಿಯುವುದು! ಕೆಮ್ಮು ತಾಳಲಾರದೆ ಇಂಚರಾ ಅರ್ಧ ವರ್ಷ ಅಜ್ಜಿಯ ಊರಿನಲ್ಲೇ ಇರುತ್ತಿದ್ದಳು.

"ಅಕ್ಕಾರ, ತಪ್ಪು ನಮ್ಮದರಿ," ಎಂದಳು. "ನೀವು ಬರ್ತೀರಿ ಅಂತ ಹುಡುಗ್ರನ್ನೆಲ್ಲ ಹದಿನೈದು ದಿನ ಅಜ್ಜಿ ಊರಿಗೆ ಕಳಿಸಿದ್ವಿ. ಈಗ ಬಸ್ ಇಳದು ಬಂದಾವ. ಬಂದೋರ ಮುಂದ ಕೂಸು ಕೆಮ್ಮಿದ್ರ, ತಾಯಿ ನೆಟ್ಟಗ ನೋಡ್ಕೊಂಡಿಲ್ಲ ಅಂತಾರಲ್ರಿ."

ನೆಂಟರು ಬರುತ್ತಾರೆಂದು ಅಂಗಳ ಗುಡಿಸುವಂತೆ ಊರಿನ ತಾಯಂದಿರು ಮಕ್ಕಳ ಎದೆಯನ್ನೇ ಗುಡಿಸಿಟ್ಟಿದ್ದರು.

"ಈಗ ಕತಿ ಕಟ್ಟಬ್ಯಾಡವಾ," ಎಂದರು ಮ್ಯಾನೇಜರು.

ರಜಿಯಾ ಸಿಟ್ಟಾಗಲಿಲ್ಲ. "ನೀವೆಲ್ಲಿದ್ರಿ ದ್ಯಾಮವ್ವ?"

"ಎಮ್ಮಿ ಬಿಟ್ಟು ನಾ ಎಲ್ಲಿ ಹೋಗ್ಲಿರಿ? ಇಲ್ಲೇ."

"ಹಂಗಾರ ನೀವು ಊದ್ರಿ."

ಗಾಜಿನ ತುಂಬ ಕೆಂಪು ಗೆರೆ ಎದ್ದಿತು. ಪಕ್ಕದ ಮನೆಯ ತಾಯಿ ಊದಿದಳು, ಅದಕ್ಕೂ ಕೆಂಪು. ತಾಯಿ ಮಕ್ಕಳದು ಒಂದೇ ಮನೆ, ಒಂದೇ ಒಲೆ, ಒಂದೇ ರೊಟ್ಟಿ. ಮಕ್ಕಳು ಊರು ಬಿಟ್ಟಿದ್ದರು, ತಾಯಂದಿರು ಬಿಟ್ಟಿರಲಿಲ್ಲ. ಮ್ಯಾನೇಜರು ಆ ಕೆಂಪು ಗೆರೆಗಳತ್ತ ಬಾಗಿದರು.

ರಜಿಯಾ ಮಾತ್ರ ಇಂಚರಾಳ ತಿಳಿಗಾಜನ್ನೇ ಹಿಡಿದು ನೋಡುತ್ತಿದ್ದಳು. ಒಳಹೊಕ್ಕ ದೂಳು ಮತ್ತೆ ಹೊರಬಾರದೇನೋ ಎಂದು ಇಷ್ಟು ವರ್ಷ ಹೆದರಿದ್ದಳು. "ಹದಿನೈದೇ ದಿನದಾಗ! ಗಾಳಿ ಛಲೋ ಸಿಕ್ರ ಕೂಸಿನ ಎದಿ ತಾನ ತೊಳಕೊಂತೈತಿ," ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಕುಲುಮೆ ಆರಿತು, ಸೋಸುವ ಯಂತ್ರ ಕೂತ ಮೇಲೆಯೇ ಮತ್ತೆ ಹೊತ್ತಿತು. ಇಂಚರಾ ಆ ವರ್ಷವೆಲ್ಲ ತಾಯಿಯ ಮಗ್ಗುಲಲ್ಲೇ ಮಲಗಿದಳು. ದ್ಯಾಮವ್ವನ ಗೆರೆಯೂ ನಿಧಾನವಾಗಿ ತೆಳ್ಳಗಾಗತೊಡಗಿತು.

"ನಾ ಸಣ್ಣಾಕಿದ್ದಾಗೂ ಹಿಂಗರಿ ಅಕ್ಕಾರ," ಎಂದಳು ಒಂದು ದಿನ ರಜಿಯಾಗೆ ಚಹಾ ಕೊಡುತ್ತ. "ಇಪ್ಪತ್ತಾರು, ಇಪ್ಪತ್ತೇಳನೇ ಇಸ್ವಿ ಇರಬೇಕು. ಅಜ್ಜಿ ಊರಿಗೆ ಹೋದ್ರ ಕೆಮ್ಮು ನಿಲ್ತಿತ್ತು. ಅಲ್ಲೀ ನೀರು ಒಗ್ಗೇತಿ ಅಂತಿದ್ಲು ನಮ್ಮವ್ವ."

"ನೀರಲ್ಲ, ಗಾಳಿ ಅಂತ ಆಗ ಯಾರಿಗೂ ಹೊಳೀಲಿಲ್ಲೇನು?"

ದ್ಯಾಮವ್ವ ಚಿಮಣಿಯ ಕಡೆ ಒಮ್ಮೆ ನೋಡಿದಳು.

"ನಮ್ಮನ್ನ ಯಾರರ ಕೇಳಿದ್ರೇನ್ರಿ?"